ಹೂವಿಗೊಂದು ಮೊಳೆ

ದೇವನಹಳ್ಳಿ

ವಿಮಾನ ಹತ್ತುವ ಮೊದಲೇ ನನ್ನ ಕೊಬ್ಬರಿ ಹೋಯಿತು.

ನಮ್ಮ ತಿಪಟೂರು ಸೀಮೆಯವರು ಯಾರ ಮನೆಗಾದರೂ ಬರಿಗೈಯಲ್ಲಿ ಹೋಗುವವರಲ್ಲ. ವರ್ಷ ತುಂಬುವ ತನಕ ಅಟ್ಟದ ಮೇಲೆ ಒಣಗಿದ ಉಂಡೆ ಕೊಬ್ಬರಿ ನಾಲ್ಕಾದರೂ ಚೀಲದಲ್ಲಿರಬೇಕು. ಹೊರದೇಶಕ್ಕೆ ಹೋಗುವಾಗ ಈ ಪದ್ಧತಿ ಬಿಡಲು ನನಗೆ ಮನಸ್ಸಾಗಲಿಲ್ಲ. ಸೀರೆಗಳ ನಡುವೆ ಎಂಟು ಉಂಡೆ ಸುತ್ತಿಟ್ಟಿದ್ದೆ. ತಪಾಸಣೆಗೆ ನಿಂತಿದ್ದ ಹೆಂಗಸು ಎಂಟನ್ನೂ ಹೊರಗೆ ತೆಗೆದು ಸಾಲಾಗಿ ಜೋಡಿಸಿ, ಕೊಬ್ಬರಿಗೆ ಬೇಗ ಬೆಂಕಿ ಹತ್ತುತ್ತದೆ, ವಿಮಾನದಲ್ಲಿ ಒಯ್ಯುವಂತಿಲ್ಲ ಎಂದಳು.

"ಬೆಂಕಿ ಹತ್ತೋದು ನಮ್ಗೂ ಗೊತ್ತು ಕಣವ್ವ. ಅದ್ಕೇ ನಾವು ಅದ್ನ ಅಟ್ಟದ್ ಮೇಲ್ ಮಡಗಿ ಕೆಳಗ್ ನಾವು ಮಲಗ್ತೀವಿ," ಅಂದೆ. ಅವಳು ನಗಲಿಲ್ಲ. ಸರಿ, ಮನೆಗೆ ತಗೊಂಡು ಹೋಗಿ ಚಟ್ನಿ ಮಾಡಿಕೊಳ್ಳಿ ಎಂದದ್ದಕ್ಕೂ ನಗಲಿಲ್ಲ.

ನನ್ನ ಜೊತೆಗಿದ್ದವಳು ರತ್ನ, ಕಂದಿಕೆರೆಯಿಂದ ನಮ್ಮೂರಿಗೆ ಬಂದ ಸೊಸೆ, ನಮ್ಮ ಮಹಿಳಾ ಸಂಘದ ಕಾರ್ಯದರ್ಶಿ. ಡಿಗ್ರಿ ಓದಿದವಳು, ಇಂಗ್ಲಿಷ್ ಬರುತ್ತದೆ. "ಬಾರಕ್ಕಾ, ಕೊಬ್ರಿ ವಿಷ್ಯಕ್ಕೆ ಪ್ಲೇನ್ ತಪ್ಪುಸ್ಕಂಡ್ರು ಅಂತ ಊರಲ್ಲಿ ಆಡ್ಕತಾರೆ," ಎಂದು ಎಳೆದುಕೊಂಡು ಹೋದಳು. ತಿರುಗಿ ನೋಡಿದೆ. ಎಂಟು ಉಂಡೆ ಆ ಮೇಜಿನ ಮೇಲೆ ಅನಾಥವಾಗಿ ಕೂತಿದ್ದವು.

ನಾವು ಹೊರಟ ಕಾರಣ ಹೇಳಬೇಕು. ಊರೂರಲ್ಲಿ ಹೆಂಗಸರು ಕೋಳಿ ಸಾಕುತ್ತಾರೆ, ರೇಷ್ಮೆ ಹುಳ ಸಾಕುತ್ತಾರೆ. ಮಾಯಸಂದ್ರದ ಪಕ್ಕದ ನಮ್ಮ ಹಳ್ಳಿಯಲ್ಲಿ ನಾವು ಕಣಜ ಸಾಕುತ್ತೇವೆ. ಹೆದರಬೇಡಿ, ಇದು ಸೂರಿನಲ್ಲಿ ಗೂಡು ಕಟ್ಟಿ ಮುಖ ಊದಿಸುವ ಕಣಜವಲ್ಲ. ಇರುವೆಗಿಂತ ಸಣ್ಣದು, ಮನುಷ್ಯರ ತಂಟೆಗೆ ಬರುವುದಿಲ್ಲ. ತೆಂಗಿನ ಗರಿಯ ಹಸಿರು ಕೆರೆದು ತಿನ್ನುವ ಕಪ್ಪು ತಲೆ ಹುಳ ಇದೆಯಲ್ಲ, ಅದು ಹತ್ತಿದ ತೋಟ ದೂರದಿಂದ ಬೆಂಕಿ ಬಿದ್ದ ಹಾಗೆ ಕಾಣುತ್ತದೆ. ನಮ್ಮ ಕಣಜ ಆ ಹುಳವನ್ನು ಹುಡುಕಿ, ಚುಚ್ಚಿ, ಅಲ್ಲಾಡದಂತೆ ಮಾಡಿ, ಅದರ ಮೈಮೇಲೆ ಮೊಟ್ಟೆ ಇಡುತ್ತದೆ. ಮರಿಗಳು ಹುಳವನ್ನೇ ಉಂಡು ಬೆಳೆಯುತ್ತವೆ. ಔಷಧಿ ಹೊಡೆಯುವ ಕೆಲಸವಿಲ್ಲ.

ಕಣಜಕ್ಕೆ ದಿನಾ ಹುಳ ಬೇಕು. ಅದಕ್ಕಾಗಿ ಇನ್ನೊಂದು ಕೋಣೆಯಲ್ಲಿ ಅಕ್ಕಿ ಪತಂಗ ಸಾಕುತ್ತೇವೆ. ಬೋಗುಣಿಯಲ್ಲಿ ಜೋಳದ ನುಚ್ಚು ಹಾಕಿ ಪತಂಗದ ಮೊಟ್ಟೆ ಉದುರಿಸಿದರೆ ತಿಂಗಳೊಳಗೆ ನುಚ್ಚೆಲ್ಲ ಹುಳ. ಇಲ್ಲಿ ಒಂದೇ ಒಂದು ಕಟ್ಟಳೆ. ಬೆಳಗ್ಗೆ ಮೊದಲು ಪತಂಗದ ಕೋಣೆ, ಆಮೇಲೆ ಕಣಜದ ಕೋಣೆ. ಕಣಜದ ಕೋಣೆಗೆ ಹೋದವರು ಮೈ ತೊಳೆದು ಬಟ್ಟೆ ಬದಲಿಸದೆ ಪತಂಗದ ಕೋಣೆಯ ಹೊಸಿಲು ದಾಟುವಂತಿಲ್ಲ. ಬಟ್ಟೆಯಲ್ಲಿ ಅಂಟಿಕೊಂಡು ನಾಲ್ಕೇ ಕಣಜ ಒಳಗೆ ಹೋದರೂ ಸಾಕು, ಬೋಗುಣಿಗಳ ಹುಳವನ್ನೆಲ್ಲ ಚುಚ್ಚಿ ಹಾಕುತ್ತವೆ, ಮುಂದಿನ ತಿಂಗಳಿಗೆ ಬಿತ್ತನೆಯ ಹುಳವೇ ಇರುವುದಿಲ್ಲ.

ನನ್ನ ಅತ್ತೆ ರಂಗಮ್ಮ ಎಪ್ಪತ್ತೈದು ದಾಟಿದವರು, ಬೆನ್ನು ಬಾಗಿ ನನ್ನ ಎದೆಯ ಮಟ್ಟಕ್ಕೆ ಬಂದಿದ್ದಾರೆ. ಆದರೂ ದಿನಾ ಪತಂಗದ ಕೋಣೆಗೆ ಬಂದು ನುಚ್ಚು ಜರಡಿ ಹಿಡಿಯುತ್ತಾರೆ. ಅವರ ಅಡುಗೆಮನೆಯ ಮಡಿಯನ್ನು ನಾನು ಮೂವತ್ತು ವರ್ಷ ಆಡಿಕೊಂಡವಳು. ಈಗ ಪತಂಗದ ಮಡಿಯಲ್ಲಿ ಅವರನ್ನೂ ಮೀರಿಸಿದ್ದೇನೆ. ಬ್ಯಾಂಕಾಕಿನ ಕಡೆ ಕಣಜ ಸಾಕುವ ಹೆಂಗಸರಿಗೆ ನಮ್ಮ ಪದ್ಧತಿ ತೋರಿಸಿ ಬನ್ನಿ ಎಂದು ಸಂಘದವರು ನಮ್ಮಿಬ್ಬರನ್ನು ಕಳಿಸಿದ್ದರು. ಹೀಗೆ ಮಡಿ ಕಲಿಸಲು ಹೊರಟವಳೇ ಮಡಿ ಕೆಡಿಸಿ ಬಂದ ಕಥೆ ಇದು.

ಕಾಲುವೆ ಊರು

ಬ್ಯಾಂಕಾಕಿನಿಂದ ನೈಋತ್ಯಕ್ಕೆ ಎರಡು ಗಂಟೆ ವ್ಯಾನಿನಲ್ಲಿ ಹೋದರೆ ನೆಲ ಎನ್ನುವುದೇ ಕಡಿಮೆಯಾಗುತ್ತದೆ. ತೋಟಗಳಲ್ಲಿ ಒಂದು ಸಾಲು ಮಣ್ಣಿನ ದಿಬ್ಬ, ಅದರ ಮೇಲೆ ತೆಂಗು. ಪಕ್ಕದಲ್ಲಿ ನೀರು ತುಂಬಿದ ಕಾಲುವೆ. ಮತ್ತೆ ದಿಬ್ಬ, ಮತ್ತೆ ತೆಂಗು. ತೋಟದೊಳಗೆ ದೋಣಿಯಲ್ಲಿ ಓಡಾಡುತ್ತಾರೆ. ಹಂದನಕೆರೆಯ ನನ್ನ ತವರಿನವರು ಸಾವಿರ ಅಡಿ ಕೊರೆಸಿ, ಬಂದ ನೀರನ್ನು ಪೈಪಿನಲ್ಲಿ ತೊಟ್ಟು ತೊಟ್ಟಾಗಿ ಮರಕ್ಕೆ ಬಿಡುವವರು. ಇಲ್ಲಿ ಬುಡದಲ್ಲಿ ಮೀನು ಹಾರುವುದನ್ನು ನೋಡಿ ನನಗೆ ಸ್ವಲ್ಪ ಹೊಟ್ಟೆಯುರಿಯಿತು. ಸುಳ್ಳು ಹೇಳಲಾರೆ.

ನಾವು ಉಳಿದದ್ದು ಪಾ ಲೆಕ್ ಅವರ ಮನೆಯಲ್ಲಿ. ಅವರ ಭಾಷೆಯಲ್ಲಿ ಪಾ ಅಂದರೆ ದೊಡ್ಡಮ್ಮ, ಲೆಕ್ ಅಂದರೆ ಚಿಕ್ಕದು. ಅರವತ್ತರ ಆಸುಪಾಸಿನ, ಗಟ್ಟಿಮುಟ್ಟಾದ, ಬಾಯಿ ತುಂಬ ನಗುವ ಹೆಂಗಸು. ಆ ಊರಿನ ಕಣಜ ಸಾಕುವ ಹೆಂಗಸರ ಗುಂಪಿಗೆ ಆಕೆಯೇ ಯಜಮಾನಿ. ಸೊಸೆ ನೋಯಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಪಾ ಲೆಕ್ ಥಾಯ್ ಭಾಷೆಯಲ್ಲಿ ಹೇಳಿದ್ದನ್ನು ನೋಯಿ ಇಂಗ್ಲಿಷಿಗೆ ತರುತ್ತಿದ್ದಳು, ಅದನ್ನು ರತ್ನ ಕಂದಿಕೆರೆಯ ಮಾತಿಗೆ ಇಳಿಸುತ್ತಿದ್ದಳು. ಹಾಗಾಗಿ ನನ್ನ ಕಿವಿಗೆ ಪಾ ಲೆಕ್ ಮೊದಲ ದಿನದಿಂದಲೂ ಚಿಕ್ಕನಾಯಕನಹಳ್ಳಿ ಸಂತೆಯಲ್ಲಿ ಸಿಕ್ಕ ಹೆಂಗಸಿನಂತೆಯೇ ಮಾತಾಡಿದಳು. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಏಕವಚನವೂ ಅಲ್ಲಿಂದಲೇ ಬಂದದ್ದು, ಸಲಿಗೆಯಿಂದ.

ಮೊದಲ ಸಂಜೆ ಆಕೆ ನಮ್ಮನ್ನು ದೋಣಿಯಲ್ಲಿ ತೋಟಕ್ಕೆ ಕರೆದೊಯ್ದಳು. ದೋಣಿಗೆ ಕಾಲಿಡುವಾಗ ನನ್ನ ಒಂದು ಚಪ್ಪಲಿ ಕಾಲುವೆ ಪಾಲಾಯಿತು. ಪಾ ಲೆಕ್ ಬಿದಿರ ಗಳದಿಂದ ಅದನ್ನು ಮೀನು ಹಿಡಿದಂತೆ ಎತ್ತಿ ಕೊಟ್ಟಳು. ತೋಟದ ಒಳಗೆ ಹೋದಂತೆ ಇಬ್ಬರೂ ತಲೆಯೆತ್ತಿ ಮರ ನೋಡತೊಡಗಿದೆವು. ಕೆಳಗಿನ ಗರಿಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದವು. ಒಂದು ಗರಿ ಕಿತ್ತು ತಿರುಗಿಸಿದೆ. ಹಿಕ್ಕೆ ಮತ್ತು ನೂಲು ಸೇರಿಸಿ ಮಾಡಿಕೊಂಡ ಸುರಂಗ, ಒಳಗೆ ಕಪ್ಪು ತಲೆ.

"ಇವ್ನು ನಮ್ಮೂರೋನೇ ಕಣೇ ರತ್ನ," ಅಂದೆ.

ಪಾ ಲೆಕ್‌ಗೆ ಮಾತು ತಲುಪಿತು. "ಊಂ ಕಣವ್ವ, ನಿಮ್ ಕಡೆಯಿಂದ್ಲೇ ಬಂದದ್ದಂತೆ. ನಾವು ಹುಟ್ಟಿದಾಗ ಈ ಹುಳ ಇರ್ನಿಲ್ಲ," ಅಂದಳು. ಹೇಗೆ ಬಂತು, ಯಾವ ಹಡಗಿನಲ್ಲಿ, ಯಾವ ಗಿಡದಲ್ಲಿ, ಯಾರೂ ಹೇಳಲಾರರು. ಆದರೂ ನಮ್ಮೂರ ಪೋಲಿಯೊಬ್ಬ ಪರವೂರಲ್ಲಿ ಕಳ್ಳತನ ಮಾಡಿ ಸಿಕ್ಕಿಬಿದ್ದರೆ ಆಗುವಷ್ಟು ನಾಚಿಕೆ ನನಗಾಯಿತು.

ಮರಕ್ಕೆ ರಂಧ್ರ ಕೊರೆದು ಔಷಧಿ ಹಾಕುವುದು ಅಲ್ಲಿಯೂ ಇದೆ. ಆದರೆ ಪಾ ಲೆಕ್ ಮತ್ತು ಆ ಊರಿನವರ ಮರಗಳು ಕಾಯಿಗಲ್ಲ, ಸಕ್ಕರೆಗೆ. ದಿನಾ ಮರ ಹತ್ತಿ ಹೊಂಬಾಳೆ ಕೆತ್ತಿ ನೀರಾ ಇಳಿಸುತ್ತಾರೆ, ದೊಡ್ಡ ಬಾಣಲೆಯಲ್ಲಿ ಕಾಯಿಸಿ ಸಕ್ಕರೆ ಮಾಡುತ್ತಾರೆ. ಮರಕ್ಕೆ ವಿಷ ಹೋದರೆ ನೀರಾಕ್ಕೂ ಹೋಗುತ್ತದೆ. "ನಮ್ಗೆ ಕಣಜ ಬುಟ್ರೆ ಬೇರೆ ದಾರಿ ಇಲ್ಲ," ಎಂದಳು ಪಾ ಲೆಕ್. ವಾರದ ಕೊನೆಗೆ ಆ ತೋಟಗಳಿಗೆಲ್ಲ ಕಣಜ ಬಿಡುವುದು, ಮುಂದಿನ ತಿಂಗಳು ಮತ್ತೊಂದು ಸಲ ಬಿಡುವುದು ಎಂದು ಊರಿನವರು ಮಾತಾಡಿಕೊಂಡಿದ್ದರು. ಎರಡು ಸಲ ಬಿಟ್ಟರೆ ಮರ ಉಳಿದಾವು. ತಪ್ಪಿದರೆ ಸುಮಾರು ಜನ ಮರ ಕಡಿದು ಬೇರೆ ಬೆಳೆಗೆ ಹೋಗುವುದೆಂದು ಆಗಲೇ ಹೇಳುತ್ತಿದ್ದರು.

ಎರಡನೆಯ ದಿನ

ಬೆಳಗ್ಗೆ ಕಣಜದ ಮನೆ. ಸಣ್ಣ ಹೆಂಚಿನ ಕೋಣೆ, ಸೊಳ್ಳೆ ಪರದೆಯ ಕಿಟಕಿ, ಗೋಡೆಯ ಗೂಡುಗಳಲ್ಲಿ ಪ್ಲಾಸ್ಟಿಕ್ ಡಬ್ಬಿಗಳು. ಪಾ ಲೆಕ್ ಮತ್ತು ನಾಲ್ಕೈದು ಹೆಂಗಸರು ಕಾಗದದ ಚೂರಿಗೆ ನೀರು ಬೆರೆಸಿದ ಜೇನು ಹಚ್ಚಿ ಡಬ್ಬಿಯೊಳಗೆ ಇಡುತ್ತಿದ್ದರು, ಕಣಜಕ್ಕೆ ಊಟ. ಮುಚ್ಚಳ ತೆಗೆದಾಗೆಲ್ಲ ಒಂದೆರಡು ಹೊರಗೆ ಹಾರಿ ಬೆಳಕಿನ ಕಡೆ ಹೋಗುತ್ತಿದ್ದವು. ನಮ್ಮ ಶೆಡ್ಡಿನಲ್ಲಿಯೂ ಅಷ್ಟೇ. ಬೇರೆ ದೇಶಕ್ಕೆ ಬಂದೆ ಎನಿಸಲೇ ಇಲ್ಲ. ನಾನೂ ಒಂದು ಮಣೆ ಎಳೆದುಕೊಂಡು ಕೂತೆ.

ಕೆಲಸ ಮುಗಿಯುವಾಗ ಪಾ ಲೆಕ್ ಒಂದು ಹೂವಿನ ಹಾರ ತಂದು ನನ್ನ ಕೈಗಿಟ್ಟಳು. ಬಿಗಿಯಾಗಿ ಕಟ್ಟಿದ ಮಲ್ಲಿಗೆ ಮೊಗ್ಗು, ಗೇಣುದ್ದ. ಅವರಲ್ಲಿ ಅತಿಥಿಗೆ ಹೂ ಕೊಡುವುದು ಮಣಿಕಟ್ಟಿಗೆ ಹಾಕಿಕೊಳ್ಳಲಿ ಅಥವಾ ಬುದ್ಧನ ಮುಂದೆ ಇಡಲಿ ಎಂದು. ನನಗದು ತಿಳಿದಿರಲಿಲ್ಲ. ತಿಳಿದಿದ್ದರೂ ಏನಾಗುತ್ತಿತ್ತೋ. ನನ್ನ ಕೈ ನನ್ನನ್ನು ಕೇಳಲಿಲ್ಲ. ಹಾರವನ್ನು ನೇರ ತುರುಬಿಗೆ ಒಯ್ದಿತು.

ಅರ್ಧ ದಾರಿಯಲ್ಲಿ ನೆನಪಾಯಿತು. ನನ್ನ ಗಂಡ ಹೋಗಿ ಏಳು ವರ್ಷ. ಅಂದಿನಿಂದ ನಾನು ಹೂ ಮುಡಿದಿಲ್ಲ. ಯಾರೂ ಬೇಡ ಎಂದು ಬಾಯಿಬಿಟ್ಟು ಹೇಳಿದ್ದಿಲ್ಲ, ಹೇಳುವ ಅಗತ್ಯವೂ ಬರಲಿಲ್ಲ. ಮದುವೆ ಮನೆಯಲ್ಲಿ ಹೂವಿನ ತಟ್ಟೆ ಸಾಲಿನಲ್ಲಿ ಬರುತ್ತದೆ, ನನ್ನ ಹತ್ತಿರ ಬಂದಾಗ ಹಿಡಿದವರ ಕಣ್ಣು ಬೇರೆಲ್ಲೋ ನೋಡುತ್ತದೆ, ತಟ್ಟೆ ಮುಂದಕ್ಕೆ ಹೋಗುತ್ತದೆ. ನನ್ನ ಅತ್ತೆಗೆ ಗಂಡ ಹೋಗಿ, ಹೂವೂ ಹೋಗಿ ಮೂವತ್ತು ವರ್ಷ ಮೇಲಾಯಿತು. ಹಿತ್ತಲಲ್ಲಿ ಕಾಕಡ ಬೆಳೆದು, ದಿನಾ ಸಂಜೆ ಕಟ್ಟಿ, ದೇವರಿಗೆ ಒಂದು ಮೊಳ, ಬೀದಿಯ ಹೆಣ್ಣುಮಕ್ಕಳಿಗೆಲ್ಲ ಒಂದೊಂದು ತುಂಡು ಕೊಡುತ್ತಾರೆ. ತಮ್ಮ ಕೈಯ ವಾಸನೆ ಮಾತ್ರ ತಮಗೆ.

ಕೈ ಕೆಳಗಿಳಿಸಲು ಹೋದೆ. ಅಷ್ಟರಲ್ಲಿ ಪಾ ಲೆಕ್ ನಾನು ಏನು ಮಾಡಹೊರಟಿದ್ದೆ ಎಂದು ಅರ್ಥ ಮಾಡಿಕೊಂಡು, ಖುಷಿಯಾಗಿ, ತನ್ನ ತಲೆಯ ಕ್ಲಿಪ್ಪನ್ನೇ ತೆಗೆದು ಹಾರವನ್ನು ನನ್ನ ತುರುಬಿಗೆ ಸಿಕ್ಕಿಸಿಬಿಟ್ಟಳು. ನಾನು ರತ್ನಳ ಕಡೆ ನೋಡಿದೆ.

"ಮುಡ್ಕಳಕ್ಕಾ," ಎಂದಳು ರತ್ನ ಮೆಲ್ಲಗೆ. "ಇಲ್ಲಿ ಯಾರ್ ಅವ್ರೆ ನೋಡೋಕೆ."

ಗೋಡೆಯ ಮೇಲೊಂದು ಕನ್ನಡಿ ಇತ್ತು. ನಾನು ಅದರ ಮುಂದೆ ಎರಡು ಸಲ ಹಾದು ಹೋದೆ.

ಮಧ್ಯಾಹ್ನ ಪತಂಗದ ಮನೆ ನೋಡುವುದೆಂದಾಯಿತು. ದಿನ ಹಿಂದುಮುಂದಾಗಿತ್ತು, ಮೊದಲು ಅದನ್ನೇ ನೋಡಬೇಕಿತ್ತು. ಆದರೆ ಅವರೂ ಕಟ್ಟಳೆಯ ಜನ. ಕೈಕಾಲು ತೊಳೆಸಿದರು, ಸೀರೆ ಬಿಡಿಸಿ ಒಗೆದ ಪಂಚೆ ಅಂಗಿ ಕೊಟ್ಟರು, ತಲೆಗೆ ಟೋಪಿ ಕೊಟ್ಟರು. ಸೀರೆ ಉಡುವ ಹೆಂಗಸು ಪಂಚೆ ಅಂಗಿಯಲ್ಲಿ ಹೇಗೆ ಕಂಡಳೆಂದು ರತ್ನಳನ್ನು ಕೇಳಬೇಡಿ, ಇನ್ನೂ ನಗುತ್ತಿದ್ದಾಳೆ. ನಾನು ಎಲ್ಲವನ್ನೂ ಕಳಚಿದೆ, ವಾಚನ್ನೂ ಬಿಚ್ಚಿಟ್ಟೆ. ಹೂವಿನ ಮೇಲೆ ಕೈ ಹೋಯಿತು. ಏಳು ವರ್ಷದ ಮೇಲೆ ಬಂದದ್ದನ್ನು ನಾಲ್ಕೇ ಗಂಟೆಯಲ್ಲಿ ತೆಗೆಯುವುದೇ ಎನಿಸಿತು. ಮುಡಿದ ಹೂವನ್ನು ತಾನಾಗಿ ಕೀಳಬಾರದು ಎಂದು ಚಿಕ್ಕಂದಿನಲ್ಲಿ ಅಮ್ಮ ಹೇಳುತ್ತಿದ್ದದ್ದೂ ನೆನಪಾಗಿ ಅನುಕೂಲವಾಯಿತು. ಹೂವಿನ ಮೇಲೆಯೇ ಟೋಪಿ ಎಳೆದುಕೊಂಡೆ. ಒಳಗೆ ಸೆಕೆ ತಾಳಲಾರದೆ ಟೋಪಿ ತೆಗೆದು ಬೀಸಿಕೊಂಡದ್ದೂ ನಾನೇ.

ಐದನೆಯ ದಿನ

ನಡುವಿನ ಎರಡು ದಿನ ಸಕ್ಕರೆ ಕಾಯಿಸುವುದು ನೋಡಿದೆವು. ನಾನು ಉಂಡೆ ಕೊಬ್ಬರಿಯ ಬಗ್ಗೆ ಹೇಳಿದೆ. ಕಾಯಿಯನ್ನು ವರ್ಷಗಟ್ಟಲೆ ಸುಮ್ಮನೆ ಅಟ್ಟದ ಮೇಲಿಟ್ಟರೆ ನೀರು ಇಂಗಿ, ಒಳಗಿನ ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ ಎಂದೆ. ಪಾ ಲೆಕ್ ನಂಬಲಿಲ್ಲ. ಅವರ ಗಾಳಿಯಲ್ಲಿ ಹಾಗಿಟ್ಟರೆ ಮೊಳಕೆ ಬಂದು ಅಟ್ಟದ ಮೇಲೇ ತೋಟವಾಗುತ್ತದಂತೆ. ತೋರಿಸೋಣವೆಂದರೆ ನನ್ನ ಎಂಟು ಉಂಡೆ ದೇವನಹಳ್ಳಿಯಲ್ಲಿದ್ದವು.

ಐದನೆಯ ದಿನ ಬೆಳಗ್ಗೆ ತಿಂಡಿಗೆ ಕೂತಿದ್ದಾಗ ಪತಂಗದ ಮನೆಯ ಕಡೆಯಿಂದ ಪಾ ಲೆಕ್‌ನ ಧ್ವನಿ ಕೇಳಿತು. ಹೋಗಿ ನೋಡಿದರೆ ಬಾಗಿಲ ಹೊರಗೆ ತಟ್ಟೆಗಳನ್ನು ಸಾಲಾಗಿ ಇಟ್ಟಿದ್ದಾಳೆ. ನಮ್ಮ ನುಚ್ಚಿನ ಬದಲು ಅವರು ಹಾಕುವ ತೌಡು ಕೆದಕಿದರೆ ಹುಳುಗಳು ಬತ್ತಿಯ ಹಾಗೆ ಜೋತುಬೀಳುತ್ತಿದ್ದವು. ಸತ್ತಿರಲಿಲ್ಲ, ಬಣ್ಣ ಕೆಟ್ಟಿರಲಿಲ್ಲ, ಅಲ್ಲಾಡುತ್ತಿರಲಿಲ್ಲ. ಒಂದು ಹುಳವನ್ನು ಅಂಗೈಗೆ ಹಾಕಿಕೊಂಡು ಬೆಳಕಿಗೆ ಹಿಡಿದೆ. ಮೈಗೆ ಅಂಟಿಕೊಂಡು ಬಿಳಿಯ ಮರಿಗಳು, ಎಳ್ಳಿಗಿಂತ ಸಣ್ಣವು. ಪತಂಗದ ಮನೆಯೊಳಗೆ ಕಣಜ ನುಗ್ಗಿತ್ತು.

ಪಾ ಲೆಕ್ ಮುಂದೆ ಒಬ್ಬ ಹೆಂಗಸು ತಲೆ ತಗ್ಗಿಸಿ ನಿಂತಿದ್ದಳು. ದಿನಾ ಪತಂಗದ ಮನೆ ನೋಡಿಕೊಳ್ಳುವವಳು. ಬಟ್ಟೆ ಬದಲಿಸದೆ ಬಂದಿರಬೇಕೆಂದು ಅವಳನ್ನು ಬೈಯುತ್ತಿದ್ದಳೆಂದು ತಿಳಿಯಲು ನನಗೆ ಯಾವ ಭಾಷೆಯೂ ಬೇಕಾಗಲಿಲ್ಲ. ಅವಳು ಇಲ್ಲ ಇಲ್ಲ ಎಂದು ತಲೆಯಾಡಿಸುತ್ತಿದ್ದಳು.

ಟೋಪಿ ತೆಗೆದು ಬೀಸಿಕೊಂಡದ್ದು ನೆನಪಾಯಿತು. ಕೋಣೆಗೆ ಓಡಿದೆ. ಆ ಹಾರವನ್ನು ಎಸೆಯಲು ಮನಸ್ಸಾಗದೆ ಹಾಸಿಗೆಯ ಪಕ್ಕದ ಕಿಟಕಿಗೆ ತೂಗುಹಾಕಿದ್ದೆ. ಒಣಗಿ ಕಂದಾಗಿತ್ತು. ಮೊಗ್ಗುಗಳನ್ನು ಒಂದೊಂದಾಗಿ ಬಿಡಿಸಿದೆ. ದಾರದ ಹತ್ತಿರ, ಏನೋ ಅಂಟು ಅಂಟಾಗಿದ್ದ ಕಡೆ, ಎರಡು ಕಣಜ ಸತ್ತು ಅಂಟಿಕೊಂಡಿದ್ದವು. ಇನ್ನೆಷ್ಟು ನನ್ನ ತಲೆಯ ಮೇಲೆ ಸವಾರಿ ಮಾಡಿ ಒಳಗೆ ಇಳಿದವೋ.

ರತ್ನ ಹಿಂದೆಯೇ ಬಂದಿದ್ದಳು. ನೋಡಿದಳು. ಬಾಗಿಲು ಮುಂದಕ್ಕೆ ಎಳೆದಳು.

"ಬುಡಕ್ಕಾ," ಎಂದಳು. "ಇನ್ ಮೂರ್ ದಿನಕ್ಕೆ ನಾವ್ ಹೊಂಟೋಯ್ತೀವಿ. ಸುಮ್ಕಿದ್ರೆ ಯಾರ್ಗೂ ಗೊತ್ತಾಗಾಕಿಲ್ಲ. ಹೇಳುದ್ರೆ ನಮ್ ಸಂಘದ್ ಮರ್ಯಾದೆ ಹೋಯ್ತದೆ."

"ಆ ಹೆಂಗ್ಸು ಬೈಸ್ಕೊತಾವ್ಳಲ್ಲೇ."

"ಬೈಸ್ಕಂಡ್ರೆ ಏನಾಯ್ತದೆ, ನಾಳಿಕ್ ಮರ್ತೋಯ್ತಾರೆ."

"ಮೂವತ್ ವರ್ಸದ್ ಹಿಂದೆ ನಮ್ಮತ್ತೆ ನಾನ್ ಮಾಡ್ದೆ ಇದ್ದ ತಪ್ಪಿಗೆ ಬೈದದ್ದು ನಂಗಿನ್ನೂ ಮರ್ತಿಲ್ಲ ಕಣೇ," ಅಂದೆ. ಹಾರವನ್ನು ತಟ್ಟೆಯಲ್ಲಿಟ್ಟುಕೊಂಡು ಹೊರಟೆ.

ಪಾ ಲೆಕ್ ಮುಂದೆ ತಟ್ಟೆ ಇಟ್ಟು, ಬಿಡಿಸಿದ ಮೊಗ್ಗು ತೋರಿಸಿದೆ. ಆಕೆಗೆ ವಿವರಿಸುವುದು ಬೇಕಾಗಲಿಲ್ಲ. ಎರಡು ಕಣಜ ನೋಡಿದಳು, ನನ್ನ ತುರುಬು ನೋಡಿದಳು. ಬೈಸಿಕೊಂಡಿದ್ದ ಹೆಂಗಸು ತಲೆಯೆತ್ತಿದಳು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನನ್ನ ಬಾಯಿ ನಿಲ್ಲಲಿಲ್ಲ.

"ನಾನು ಮುಡೀಬಾರ್ದಾಗಿತ್ತು. ನನ್ ಗಂಡ ಇಲ್ಲ. ನಮ್ಮಲ್ಲಿ ಮುಡಿಯಾಕಿಲ್ಲ. ಆಸೆಬಿದ್ದು ಮುಡ್ದೆ, ಅದ್ಕೇ ಇಂಗಾಯ್ತು. ಹೇಳು ರತ್ನ."

ರತ್ನ ಹೇಳಲಿಲ್ಲ. "ಅದೆಲ್ಲ ಯಾಕಕ್ಕ," ಎಂದಳು.

"ಹೇಳೇ."

ಹೇಳಿದಳು. ನೋಯಿ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ಅತ್ತೆಗೆ ಹೇಳಿದಳು. ಪಾ ಲೆಕ್ ಹುಬ್ಬು ಗಂಟಿಕ್ಕಿದಳು. ಆಕೆಗೆ ಅರ್ಥವಾಗಿರಲಿಲ್ಲ. ಮತ್ತೆ ಕೇಳಿದಳು, ಮತ್ತೆ ಮೂರು ಭಾಷೆ ದಾಟಿ ಉತ್ತರ ಹೋಯಿತು. ಆಮೇಲೆ ಆ ಸಿಟ್ಟಿನ ನಡುವೆಯೂ ಆಕೆಗೆ ನಗು ಬಂತು. ಆಕೆ ಅಂದದ್ದನ್ನು ರತ್ನ ಹೀಗೆ ಇಳಿಸಿದಳು.

"ನನ್ ಗಂಡಾನೂ ಸತ್ತವ್ನೆ ಕಣವ್ವ, ನಿಮ್ಮೋರಿಗಿಂತ ಮೊದ್ಲೇ. ಕಣಜಕ್ಕೆ ಗೊತ್ತಾಯ್ತದಾ ಯಾರ್ ಗಂಡ ಅವ್ನೆ, ಯಾರ್ ಗಂಡ ಇಲ್ಲ ಅಂತ? ಅದು ಜೇನಿಗ್ ಬಂತು. ಜೇನು ನನ್ ಕೈದು. ಜೇನ್ ಕೈನಾಗೆ ಹೂ ಮುಡಿಸ್ದೋಳು ನಾನು. ನಿನ್ ತಪ್ಪು ಒಂದೇಯ. ಬಾಗ್ಲಲ್ಲಿ ತೆಗೆದಿಡ್ಬೇಕಾಗಿತ್ತು."

ನಂತರ ಬೈಸಿಕೊಂಡವಳ ಕಡೆ ತಿರುಗಿ ಕೈಮುಗಿದಳು. ಅವರಲ್ಲಿ ದೊಡ್ಡವರು ಚಿಕ್ಕವರಿಗೆ ಮೊದಲು ಕೈಮುಗಿಯುವುದಿಲ್ಲವೆಂದು ನೋಯಿ ಆಮೇಲೆ ಹೇಳಿದಳು. ನಾನು ಅಳುತ್ತಿದ್ದೆ. ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ.

ಆರನೆಯ ದಿನ

ಐದನೆಯ ದಿನವೇ, ಅತ್ತು ಮುಗಿದ ಮೇಲೆ, ಬುದ್ಧಿ ಕೆಲಸ ಮಾಡಿತು. ನಮ್ಮ ಶೆಡ್ಡಿನಲ್ಲಿಯೂ ಒಮ್ಮೆ ಹೀಗಾಗಿತ್ತು. ಆಗ ನಾವು ಎಲ್ಲವನ್ನೂ ಸುಟ್ಟುಹಾಕಿ ತಲೆಮೇಲೆ ಕೈಹೊತ್ತು ಕೂತಿದ್ದೆವು. ವಾರದ ಮೇಲೆ ಹೊಳೆದದ್ದನ್ನು ಇಲ್ಲಿ ಹೇಳಿದೆ. ಚುಚ್ಚಿಸಿಕೊಂಡ ಹುಳ ಹಾಳಾದದ್ದಲ್ಲ, ಅದರ ಮೇಲೆ ಬೆಳೆಯುತ್ತಿರುವುದು ನಮಗೆ ಬೇಕಾದ ಕಣಜವೇ. ಅದು ತೋಟಕ್ಕೆ ಹೋಗಲಿ. ಚುಚ್ಚಿಸಿಕೊಳ್ಳದ ಹುಳವನ್ನು ಇವತ್ತೇ ಬೇರೆ ಮಾಡಿ ಹೊಸ ತೌಡಿಗೆ ಹಾಕಿದರೆ ಮುಂದಿನ ತಿಂಗಳ ಬಿತ್ತನೆ ಉಳಿಯುತ್ತದೆ. ಇವತ್ತು ನಾಳೆಯೊಳಗೆ ಆಗಬೇಕು. ಈಗಿರುವ ಮರಿಗಳು ರೆಕ್ಕೆ ಬಂದು ಎದ್ದರೆ ಉಳಿದದ್ದನ್ನೂ ಚುಚ್ಚುತ್ತವೆ.

ಊರಿನ ಹೆಂಗಸರೆಲ್ಲ ಬಂದರು. ಬೇಲಿಯಾಚೆ ಜಗಳವಾಡಿ ಮಾತುಬಿಟ್ಟವರೂ ಬಂದರಂತೆ. ಮನೆಮನೆಯಿಂದ ಬಿದಿರಿನ ಮೊರ ಬಂತು. ಅವರ ಮೊರ ದುಂಡಗಿರುತ್ತದೆ, ನಮ್ಮದಕ್ಕೆ ಒಂದು ಕಡೆ ಬಾಯಿ. ಅಷ್ಟೇ ವ್ಯತ್ಯಾಸ. ಒಂದು ಹಿಡಿ ತೌಡು ಹರಡುವುದು, ಊದುವುದು, ಹರಿದಾಡಿದ ಹುಳವನ್ನು ಕುಂಚದ ತುದಿಯಿಂದ ಎತ್ತಿ ಬಟ್ಟಲಿಗೆ, ಜೋತುಬಿದ್ದದ್ದನ್ನು ಡಬ್ಬಿಗೆ. ಮದುವೆ ಮನೆಯಲ್ಲಿ ಅಕ್ಕಿ ಆರಿಸಲು ಕೂತಂತೆಯೇ ಇತ್ತು, ಹರಟೆಯೂ ಸೇರಿ. ಯಾರೂ ಯಾವುದನ್ನೂ ತರ್ಜುಮೆ ಮಾಡಲಿಲ್ಲ. ಬೈಸಿಕೊಂಡವಳು ನನ್ನ ಪಕ್ಕದಲ್ಲೇ ಕೂತಿದ್ದಳು. ನನ್ನ ಬಟ್ಟಲು ತುಂಬಿದಾಗೆಲ್ಲ ಅವಳೇ ಎದ್ದು ಒಯ್ಯುತ್ತಿದ್ದಳು.

ಆರನೆಯ ದಿನ ಮಧ್ಯಾಹ್ನಕ್ಕೆ ಮುಗಿಯಿತು. ಚುಚ್ಚಿಸಿಕೊಳ್ಳದ ಹುಳ ಅರ್ಧಕ್ಕಿಂತ ಕಡಿಮೆ ಉಳಿದಿತ್ತು. ಪಕ್ಕದ ಊರಿನ ಗುಂಪು ಒಂದಿಷ್ಟು ಪತಂಗದ ಮೊಟ್ಟೆ ಕೊಡಲು ಒಪ್ಪಿತು. ಮುಂದಿನ ತಿಂಗಳು ಸಾಕಾಗುತ್ತದೆಯೇ ಎಂದು ಕೇಳಿದೆ. ಪಾ ಲೆಕ್ ಕೈಯನ್ನು ಅತ್ತ ಇತ್ತ ಅಲ್ಲಾಡಿಸಿದಳು. ಆಗಬಹುದು, ಆಗದೇ ಇರಬಹುದು.

ಕಾಲುವೆಯ ಮೇಲೆ

ಹೊರಡುವ ಹಿಂದಿನ ದಿನ ಕಣಜ ಬಿಟ್ಟೆವು. ದೋಣಿಯ ತುಂಬ ಡಬ್ಬಿಗಳು. ಒಂದಷ್ಟರಲ್ಲಿ ರೆಕ್ಕೆ ಬಲಿತ ಕಣಜ, ಉಳಿದವುಗಳಲ್ಲಿ ನನ್ನ ತಪ್ಪಿನ ಫಲ, ಇನ್ನೂ ಗೂಡಿನೊಳಗೆ. ದಿಬ್ಬದ ಅಂಚಿಗೆ ದೋಣಿ ತಾಗಿಸಿ, ಮರದಿಂದ ಮರಕ್ಕೆ ಡಬ್ಬಿ ಕಟ್ಟುತ್ತಾ ಹೋದೆವು. ನಮ್ಮಲ್ಲಿ ಮೊದಲ ಮರಕ್ಕೆ ಕೈಮುಗಿದು ಊದುಬತ್ತಿ ಹಚ್ಚುವವರಿದ್ದಾರೆ. ಹೊಗೆಗೆ ಕಣಜ ಸಾಯುತ್ತದೆ ಎಂದು ಎಷ್ಟು ಹೇಳಿದರೂ ಕೇಳುವುದಿಲ್ಲ. ಪಾ ಲೆಕ್ ಮುಚ್ಚಳ ತೆಗೆದು, ಊಟಕ್ಕೆ ಕರೆಯುವ ಹಾಗೆ ಏನೋ ಅಂದಳು. "ಹೋಗ್ರವ್ವ, ಹೊಟ್ಟೆ ತುಂಬ ಉಣ್ಣಿ ಅಂತಾವ್ಳೆ," ಎಂದಳು ರತ್ನ.

ವಾಪಸು ಬಂದು ಪತಂಗದ ಮನೆಗೆ ಕಡೆಯ ಸಲ ಹೋದೆ. ಬಾಗಿಲ ಚೌಕಟ್ಟಿನ ಪಕ್ಕ, ನನ್ನ ಕಣ್ಣಿನ ಎತ್ತರಕ್ಕೆ, ಹೊಸದಾಗಿ ಒಂದು ಮೊಳೆ ಹೊಡೆದಿತ್ತು. ಅದಕ್ಕೆ ಮಲ್ಲಿಗೆ ಹಾರ ನೇತುಹಾಕಿತ್ತು.

"ಒಳೀಕ್ ಹೋಗುವಾಗ ಇಲ್ ಹಾಕು. ಈಚೆಗ್ ಬಂದ್ಮೇಲೆ ಮುಡ್ಕೊ," ಅಂದಳು ಪಾ ಲೆಕ್. ಅಷ್ಟೇ. ಅದಕ್ಕಿಂತ ಹೆಚ್ಚಿನ ಉಪದೇಶ ಆಕೆಯ ಬಾಯಿಂದ ಬರಲಿಲ್ಲ.

ಒಳಗೆ ಹೋಗಿ ಹೊಸ ತೌಡಿನಲ್ಲಿ ಹರಿದಾಡುತ್ತಿದ್ದ ಹುಳಗಳನ್ನು ನೋಡಿ ಹೊರಗೆ ಬಂದೆ. ಹಾರ ತೆಗೆದು ಮುಡಿದೆ. ಬ್ಯಾಂಕಾಕಿನಲ್ಲೂ ತೆಗೆಯಲಿಲ್ಲ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಈ ಸಲ ಯಾರೂ ಏನನ್ನೂ ಕಿತ್ತುಕೊಳ್ಳಲಿಲ್ಲ.

ಮಾಯಸಂದ್ರ

ಊರಿಗೆ ಬಸ್ಸಿಳಿಯುವ ಮೊದಲು ಹೂ ತೆಗೆದು ಚೀಲಕ್ಕೆ ಹಾಕಿಕೊಂಡೆ. ಧೈರ್ಯ ಅಷ್ಟಕ್ಕೇ ಇತ್ತು. ಒಂದು ತಿಂಗಳು ನಾನೇನೂ ಮಾಡಲಿಲ್ಲ. ಸಂಘದ ಸಭೆಯಲ್ಲಿ ಕಾಲುವೆ, ದೋಣಿ, ಚಪ್ಪಲಿ, ಎಲ್ಲ ಹೇಳಿದೆ. ಪತಂಗದ ಮನೆಗೆ ಕಣಜ ನುಗ್ಗಿಸಿದ್ದನ್ನೂ ಹೇಳಿದೆ. ಹೂವಿನ ವಿಷಯ ಬಂದಾಗ "ತಲೆಯಲ್ಲಿ ಸೇರ್ಕೊಂಡಿತ್ತು" ಎಂದು ದಾಟಿಸಿಬಿಟ್ಟೆ. ರತ್ನ ನೆಲ ನೋಡುತ್ತಾ ಕೂತಿದ್ದಳು.

ಆಮೇಲೆ ಒಂದು ಬೆಳಗ್ಗೆ ರತ್ನ ಫೋನು ಹಿಡಿದು ಓಡಿ ಬಂದಳು. ನೋಯಿ ಒಂದು ಚಿತ್ರ ಕಳಿಸಿದ್ದಳು. ಕಾಲುವೆ ದಂಡೆಯ ತೆಂಗು, ಕೆಳಗಿನ ಗರಿಗಳು ಇನ್ನೂ ಕಂದು, ಆದರೆ ಸುಳಿಯಲ್ಲಿ ಎರಡು ಹೊಸ ಗರಿ ಹಸಿರಾಗಿ ಬಿಚ್ಚಿಕೊಂಡಿವೆ. ಎರಡನೆಯ ಸಲವೂ ಕಣಜ ಬಿಟ್ಟರಂತೆ. ಸ್ವಲ್ಪ ಕಡಿಮೆಯಾಯಿತಂತೆ, ಆದರೂ ಬಿಟ್ಟರಂತೆ. ಯಾರೂ ಮರ ಕಡಿದಿಲ್ಲ. ಚಿತ್ರದ ಮೂಲೆಯಲ್ಲಿ ಪಾ ಲೆಕ್ ನಿಂತಿದ್ದಳು. ಹೂವಿನ ಹಾರವನ್ನು ತುರುಬಿಗೆ ಸಿಕ್ಕಿಸಿಕೊಂಡಿದ್ದಳು, ನಮ್ಮ ಹಾಗೆ.

ನಾನು ಮನೆಗೆ ಹೋಗಿ ಸುತ್ತಿಗೆ ತಂದು, ನಮ್ಮ ಪತಂಗದ ಕೋಣೆಯ ಬಾಗಿಲ ಪಕ್ಕ, ನನ್ನ ಕೈ ಎಟುಕುವಷ್ಟು ಎತ್ತರಕ್ಕೆ, ಒಂದು ಮೊಳೆ ಹೊಡೆದೆ.

ಅತ್ತೆ ಜರಡಿ ಹಿಡಿದು ಒಳಗಿದ್ದರು. ಸದ್ದಿಗೆ ಹೊರಗೆ ಬಂದರು. ತಲೆಯೆತ್ತಿ ಮೊಳೆ ನೋಡಿದರು.

"ಯಾತಕ್ ಹೊಡ್ದೆ ಅದ್ನ?"

"ಹೂವ ತಗಲಾಕಕ್ಕೆ ಅತ್ತೆ. ಹೂವ ಮುಡ್ಕಂಡು ಒಳೀಕ್ ಹೋಗ್ಬಾರ್ದು. ಕಣಜ ಸೇರ್ಕೊಳ್ತದೆ."

"ಯಾರ್ ಹೂವ?"

ಕೈಯಲ್ಲಿ ಸುತ್ತಿಗೆ ಇತ್ತು. ಅದನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ.

"ನಂದು," ಅಂದೆ.

ಅತ್ತೆ ಜರಡಿಯನ್ನು ಗೋಡೆಗೆ ಒರಗಿಸಿದರು. ಸೀರೆಗೆ ಕೈ ಒರೆಸಿಕೊಂಡು ಬಾಗಿಲ ಹತ್ತಿರ ಬಂದು, ಬಾಗಿದ ಬೆನ್ನನ್ನು ಆದಷ್ಟು ನೆಟ್ಟಗೆ ಮಾಡಿ, ಒಂದು ಕೈ ಮೇಲೆತ್ತಿ ಮೊಳೆ ಮುಟ್ಟಲು ನೋಡಿದರು. ಬೆರಳು ಒಂದು ಗೇಣು ಕೆಳಗೇ ನಿಂತಿತು.

"ಇನ್ನೊಂದೀಟು ಕೆಳೀಕ್ ಹೊಡಿ," ಅಂದರು. "ನಂಗೆ ಎಟುಕಾಕಿಲ್ಲ."

ನಾನು ಮೊಳೆ ಕಿತ್ತು ಕೆಳಗೆ ಹೊಡೆದೆ.